ಕನ್ವರ್ಜ್ ತಂಡದ ‘ಜೇನ್ ಡೋ’ ಬರೀ ಗದ್ದಲವೇ? ಅದನ್ನು ಮೆಟಲ್‌ಕೋರ್‌ನ ದೊಡ್ಡ ಆಲ್ಬಂ ಎನ್ನುವುದೇಕೆ?

ಮೆಟಾಲಿಕಾ, ಐರನ್ ಮೇಡನ್‌ನಂಥ ಹೆವಿ ಮೆಟಲ್ ತಂಡಗಳನ್ನು ಕೇಳುತ್ತ ಬೆಳೆದವರು ನೀವು. ‘ಜೇನ್ ಡೋ’ ಹಾಕಿದಾಗಲೆಲ್ಲ ಮೂರು ನಾಲ್ಕು ಹಾಡಿಗೇ ನಿಲ್ಲಿಸಿದ್ದಾಗಿ ಬರೆದಿದ್ದೀರಿ. ಹಾಡುವವನ ಒಂದು ಪದವೂ ತಿಳಿಯುವುದಿಲ್ಲ, ಗಿಟಾರ್‌ಗಳೆಲ್ಲ ಕಲಸಿಹೋಗಿವೆ, ಧ್ವನಿಮುದ್ರಣ ಮಾಡಿದವರಿಗೆ ಕೆಲಸ ಗೊತ್ತಿರಲಿಲ್ಲವೇ ಎಂದೂ ಕೇಳಿದ್ದೀರಿ. ಅವರಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ನಿಮಗೆ ಅಡ್ಡಿಯೆನಿಸಿದ ಪ್ರತಿಯೊಂದೂ ಬೇಕೆಂದೇ ಮಾಡಿದ್ದು. ನನ್ನ ಮಟ್ಟಿಗೆ ಈ ಆಲ್ಬಂನ ಜೀವ ಇರುವುದೇ ಅಲ್ಲಿ. ಗಿಟಾರ್ ನುಡಿಸುವವನಾಗಿ, ಇದನ್ನು ವರ್ಷಗಟ್ಟಲೆ ಪ್ರೀತಿಯಿಂದ ಕೇಳಿದವನಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕನ್ವರ್ಜ್ ಹುಟ್ಟಿದ್ದು 1990ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂನಲ್ಲಿ. ಗಾಯಕ ಜೇಕಬ್ ಬ್ಯಾನನ್, ಗಿಟಾರ್ ವಾದಕ ಕರ್ಟ್ ಬಲೂ ಆಗಿನ್ನೂ ಹದಿಹರೆಯದ ಹುಡುಗರು. ಮೆಟಲ್‌ಕೋರ್ ಎಂದರೆ ವೇಗದ, ಒರಟಾದ ಹಾರ್ಡ್‌ಕೋರ್ ಪಂಕ್‌ನ ಆವೇಶಕ್ಕೆ ಮೆಟಲ್‌ನ ಭಾರವಾದ ರಿಫ್‌ಗಳನ್ನು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳನ್ನು) ಬೆಸೆಯುವುದು; ಈ ಕೆಲಸವನ್ನು ಕ್ಲೀವ್‌ಲ್ಯಾಂಡ್‌ನ ಇಂಟೆಗ್ರಿಟಿ, ಸಿರಾಕ್ಯೂಸ್‌ನ ಅರ್ಥ್ ಕ್ರೈಸಿಸ್‌ನಂಥ ತಂಡಗಳೂ ಆ ದಶಕದಲ್ಲಿ ಮಾಡುತ್ತಿದ್ದವು. ಕನ್ವರ್ಜ್‌ನ ಹಿಂದಿನ ಆಲ್ಬಂ 1998ರ ‘ವೆನ್ ಫಾರೆವರ್ ಕಮ್ಸ್ ಕ್ರ್ಯಾಶಿಂಗ್’. ಅದರಲ್ಲಿ ಒಳ್ಳೆಯ ಹಾಡುಗಳಿವೆ, ಆದರೆ ಅವು ಬಿಡಿಬಿಡಿಯಾಗಿ ನಿಂತಿವೆ ಎಂದು ನನಗನಿಸುತ್ತದೆ. ಆಮೇಲೆ ಇಬ್ಬರು ತಂಡ ಸೇರಿದರು: ವರ್ಜೀನಿಯಾದ ಜೆಸ್ಯೂಟ್ ತಂಡದಲ್ಲಿದ್ದ ನೇಟ್ ನ್ಯೂಟನ್ ಬೇಸ್ ಗಿಟಾರ್‌ಗೆ, ಬೆನ್ ಕಾಲರ್ ಡ್ರಮ್ಸ್‌ಗೆ. ಇವರಿಬ್ಬರೂ ನುಡಿಸಿದ ಮೊದಲ ಕನ್ವರ್ಜ್ ಆಲ್ಬಂ ‘ಜೇನ್ ಡೋ’. ಕಾಲರ್‌ನ ಲಯ ಎಷ್ಟು ವೇಗದಲ್ಲಿದ್ದರೂ ಯಂತ್ರದ ಹಾಗೆ ಕೇಳಿಸುವುದಿಲ್ಲ. ಎಡವುವಂತೆ ಮಾಡಿ ಮತ್ತೆ ಕಾಲೂರಿ ನಿಲ್ಲುತ್ತಾನೆ. ಅವನು ಬಾರದಿದ್ದರೆ ಈ ಆಲ್ಬಂ ಹೀಗಿರುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ.

ಧ್ವನಿಮುದ್ರಣ ನಡೆದದ್ದು 2001ರ ಬೇಸಿಗೆಯಲ್ಲಿ. ಬಾಸ್ಟನ್ ಸುತ್ತಮುತ್ತಲಿನ ಕ್ಯೂ ಡಿವಿಷನ್ ಮತ್ತು ಫೋರ್ಟ್ ಅಪಾಚೆ ಸ್ಟುಡಿಯೋಗಳ ಜೊತೆಗೆ ಬಲೂ ಸ್ವತಃ ಕಟ್ಟಿಕೊಂಡಿದ್ದ ಗಾಡ್‌ಸಿಟಿ ಸ್ಟುಡಿಯೋದಲ್ಲೂ ಕೆಲಸವಾಯಿತು. ಮ್ಯಾಥ್ಯೂ ಎಲ್ಲಾರ್ಡ್ ಮತ್ತು ಬಲೂ ಸೇರಿ ನಿರ್ಮಾಣ ಮಾಡಿದರು. ಬಲೂ ಹಿನ್ನೆಲೆ ಇಲ್ಲಿ ಮುಖ್ಯ. ಅವನು ವೈದ್ಯಕೀಯ ಉಪಕರಣಗಳ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು. ಆ ಕೆಲಸ ಹೋದಾಗ ಬಂದ ಪರಿಹಾರದ ಹಣವನ್ನು ಸ್ಟುಡಿಯೋ ಸಲಕರಣೆಗಳಿಗೆ ಸುರಿದ. ಮೈಕ್ ಎಲ್ಲಿಡಬೇಕು, ಗಿಟಾರ್‌ನ ಸದ್ದನ್ನು ಎಷ್ಟು ಒಡೆಯಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ನುಡಿಸುವವನೇ ಕೂತು ತೀರ್ಮಾನಿಸಿದ ಆಲ್ಬಂ ಇದು. ಆಲ್ಬಂ ಹೊರಬಂದದ್ದು 2001ರ ಸೆಪ್ಟೆಂಬರ್ 4ರಂದು, ಈಕ್ವಲ್ ವಿಷನ್ ರೆಕಾರ್ಡ್ಸ್‌ನಿಂದ. (ಈ ಸಂಸ್ಥೆಯನ್ನು ಶುರುಮಾಡಿದ ರೇ ಕ್ಯಾಪೊ ನ್ಯೂಯಾರ್ಕ್‌ನ ಹಾರ್ಡ್‌ಕೋರ್ ಗಾಯಕ. ಹರೇ ಕೃಷ್ಣ ಪಂಥ ಸೇರಿ ಶೆಲ್ಟರ್ ಎಂಬ ಕೃಷ್ಣಭಕ್ತಿಯ ಪಂಕ್ ತಂಡವನ್ನೇ ಕಟ್ಟಿದವನು. ಇದು ವಿಷಯಾಂತರ, ಆದರೂ ನಮ್ಮ ಕಡೆಯವರಿಗೆ ಕುತೂಹಲದ ಸಂಗತಿ.)

ಈಗ ನಿಮ್ಮ ಮುಖ್ಯ ದೂರಿಗೆ ಬರುತ್ತೇನೆ. ಐರನ್ ಮೇಡನ್‌ನಲ್ಲಿ ಗಾಯಕ ಮುಂದೆ ನಿಲ್ಲುತ್ತಾನೆ, ವಾದ್ಯಗಳು ಅವನಿಗೆ ಜಾಗ ಬಿಟ್ಟುಕೊಡುತ್ತವೆ. ನಿಮ್ಮ ಕಿವಿ ಆ ಏರ್ಪಾಡಿಗೆ ಒಗ್ಗಿದೆ. ‘ಜೇನ್ ಡೋ’ದಲ್ಲಿ ಬ್ಯಾನನ್‌ನ ಕೂಗು ಗಿಟಾರ್‌ಗಳ ಮಟ್ಟದಲ್ಲೇ ಇದೆ, ಕೆಲವು ಕಡೆ ಅವುಗಳ ಅಡಿಯಲ್ಲೂ ಇದೆ. ಪದಗಳು ಒಡೆದು ಉಸಿರು ಮತ್ತು ಗಂಟಲಿನ ಕೆರೆತವಷ್ಟೇ ಉಳಿಯುತ್ತದೆ. ಸಾಹಿತ್ಯವನ್ನು ಕೈಯಲ್ಲಿ ಹಿಡಿದು ಕೇಳಿದರೂ ಯಾವ ಸಾಲಿನಲ್ಲಿದ್ದೇವೆ ಎಂದು ಹುಡುಕಬೇಕಾಗುತ್ತದೆ. ಆದರೆ ಆ ಸಾಹಿತ್ಯವನ್ನು ಒಮ್ಮೆ ಓದಿ. ಒಂದು ಸಂಬಂಧ ಮುರಿದುಬಿದ್ದ ಮೇಲಿನ ಮಾತುಗಳು ಅವು. ದೂಷಣೆ, ಮೊರೆ, ಹಟ, ಕೊನೆಗೆ ದಣಿವು. ಯಾರಿಗೆ ಹೇಳಬೇಕೋ ಅವಳು ಹೊರಟುಹೋಗಿಯಾಗಿದೆ. ಇದನ್ನೇ ಸ್ಪಷ್ಟ ಉಚ್ಚಾರದಲ್ಲಿ ರಾಗವಾಗಿ ಹಾಡಿದ್ದರೆ ಕೇಳುಗರಿಗೆ ಒಪ್ಪಿಸಿದ ಕಥೆಯಾಗುತ್ತಿತ್ತು. ಈಗಿರುವಂತೆ ಅದು ಪಕ್ಕದ ಮನೆಯ ಗೋಡೆಯಾಚೆಯಿಂದ ಬರುವ ಅಳುವಿನ ಹಾಗಿದೆ: ಮಾತು ತಿಳಿಯದು, ಏನಾಗಿದೆ ಎಂಬುದು ಮಾತ್ರ ಪೂರ್ತಿ ತಿಳಿಯುತ್ತದೆ. ಇಂಗ್ಲಿಷ್ ಮಾತೃಭಾಷೆಯಾದವರಿಗೂ ಇಲ್ಲಿ ಪದಗಳು ದಕ್ಕುವುದಿಲ್ಲ. ಆದ್ದರಿಂದ ಈ ವಿಷಯದಲ್ಲಿ ನಿಮಗೂ ಅವರಿಗೂ ಏನೂ ವ್ಯತ್ಯಾಸವಿಲ್ಲ.

ಇನ್ನೊಂದು ಜೋಡಣೆಯ ವಿಷಯ. ನೀವು ನಾಲ್ಕನೆಯ ಹಾಡಿಗೆ ನಿಲ್ಲಿಸಿದ್ದರಿಂದ ಇದು ನಿಮಗೆ ಕಂಡಿರಲಿಕ್ಕಿಲ್ಲ. ಮೊದಲ ಹಾಡು ‘ಕಾಂಕ್ಯುಬೈನ್’ ಒಂದೂಕಾಲು ನಿಮಿಷದ ಸ್ಫೋಟ. ಅದು ಉಸಿರು ಬಿಡದೆ ‘ಫಾಲ್ಟ್ ಆ್ಯಂಡ್ ಫ್ರ್ಯಾಕ್ಚರ್’ಗೆ ನುಗ್ಗುತ್ತದೆ. ಮುಂದೆ ‘ಹೆಲ್ ಟು ಪೇ’ಯಲ್ಲಿ ವೇಗ ತಟ್ಟನೆ ಕುಸಿದು ಬೇಸ್ ಮುಂದೆ ಬರುತ್ತದೆ. ‘ಫೀನಿಕ್ಸ್ ಇನ್ ಫ್ಲೈಟ್’ ತೆವಳುವಷ್ಟು ನಿಧಾನ. ಅದರ ಬೆನ್ನಿಗೇ ಬರುವ ‘ಫೀನಿಕ್ಸ್ ಇನ್ ಫ್ಲೇಮ್ಸ್’ ಕೇವಲ 42 ಸೆಕೆಂಡು, ಗಿಟಾರ್ ಇಲ್ಲ, ಬರಿಯ ಡ್ರಮ್ಸ್ ಮತ್ತು ಕೂಗು. ಇವೆಲ್ಲವನ್ನೂ ದಾಟಿದ ಮೇಲೆ ಕೊನೆಯಲ್ಲಿ ಆಲ್ಬಂ ಹೆಸರಿನದೇ ಹಾಡು, ಹನ್ನೊಂದೂವರೆ ನಿಮಿಷ. ಇಲ್ಲಿ ಲಯ ತಗ್ಗುತ್ತದೆ, ಸ್ವರಗಳು ಬಿಡಿಸಿಕೊಳ್ಳುತ್ತವೆ, ಕಿರುಚುವ ದನಿಯ ನಡುವೆ ಹಾಡುವ ದನಿ ತೇಲಿಬರುತ್ತದೆ. ಅಲ್ಲಿಯವರೆಗಿನ ಸಿಟ್ಟೆಲ್ಲ ದುಃಖವಾಗಿತ್ತು ಎಂಬುದು ಆಗ ಗೊತ್ತಾಗುತ್ತದೆ. ಹನ್ನೊಂದು ಹಾಡುಗಳ ಒರಟುತನವನ್ನು ಸಹಿಸಿದ ಕಿವಿಗೆ ಮಾತ್ರ ಆ ಹಾಡಿನ ಮಾರ್ದವ ಪೂರ್ತಿ ಸಿಗುತ್ತದೆ ಎಂಬುದು ನನ್ನ ದೃಢ ನಂಬಿಕೆ. ಬಿಡಿಯಾಗಿ ಅದೊಂದನ್ನೇ ಹಾಕಿ ಕೇಳಿದವರಿಗೆ ಆ ಅನುಭವ ಆದದ್ದನ್ನು ನಾನು ಕಂಡಿಲ್ಲ.

ಮುಖಪುಟವನ್ನು ಬಿಟ್ಟು ಈ ಆಲ್ಬಂ ಬಗ್ಗೆ ಮಾತಾಡಲಾಗದು. ಗುರುತು ಸಿಗದ ಹೆಣ್ಣಿಗೆ ಅಮೆರಿಕದ ದಾಖಲೆಗಳಲ್ಲಿ ಕೊಡುವ ಹೆಸರು ಜೇನ್ ಡೋ. ಬ್ಯಾನನ್ ಚಿತ್ರಕಾರನೂ ಹೌದು. ಅರೆಮುಚ್ಚಿದ ಕಣ್ಣುಗಳ, ಮಸಿ ಹರಡಿದಂಥ ಆ ಮುಖವನ್ನು ಅವನೇ ರೂಪಿಸಿದ. ಟಿ-ಶರ್ಟುಗಳ ಮೇಲೆ, ಅಭಿಮಾನಿಗಳ ಮೈಮೇಲಿನ ಹಚ್ಚೆಗಳಲ್ಲಿ ಅದು ಜಗತ್ತೆಲ್ಲ ಸುತ್ತಿತು. ಅದು ಯಾರ ಮುಖ ಎಂಬುದು ಎರಡು ದಶಕ ಚರ್ಚೆಯ ವಿಷಯವಾಗಿತ್ತು. ಒಂದು ಫ್ಯಾಷನ್ ಪತ್ರಿಕೆಯಲ್ಲಿ ಬಂದಿದ್ದ ಫ್ರೆಂಚ್ ರೂಪದರ್ಶಿ ಆಡ್ರೆ ಮಾರ್ನೆ ಅವರ ಛಾಯಾಚಿತ್ರ ಅದಕ್ಕೆ ಆಧಾರ ಎಂಬುದು ಈಚಿನ ವರ್ಷಗಳಲ್ಲಷ್ಟೇ ಬೆಳಕಿಗೆ ಬಂತು. ಹಾಡು ಬರೆದವರು, ಚಿತ್ರ ಮಾಡಿದವರು, ಧ್ವನಿಮುದ್ರಣ ಮಾಡಿದವರಲ್ಲೊಬ್ಬರು ಒಂದೇ ತಂಡದವರಾದ್ದರಿಂದ ಸದ್ದಿಗೂ ಚಿತ್ರಕ್ಕೂ ಎಲ್ಲೂ ಬಿರುಕು ಕಾಣುವುದಿಲ್ಲ.

ಇನ್ನು ಇದರ ಪರಿಣಾಮದ ವಿಷಯ. ಬ್ರಿಟನ್‌ನ ‘ಟೆರರೈಸರ್’ ಪತ್ರಿಕೆ ಇದನ್ನು 2001ರ ವರ್ಷದ ಆಲ್ಬಂ ಎಂದು ಆರಿಸಿತು. ಅಮೆರಿಕದ ‘ಡೆಸಿಬೆಲ್’ ಆ ದಶಕದ ಮೆಟಲ್ ಆಲ್ಬಂಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟಿತು. ಜಪಾನಿನ ಒಂದು ತಂಡ ಇದರಲ್ಲಿನ ‘ಹೆವನ್ ಇನ್ ಹರ್ ಆರ್ಮ್ಸ್’ ಹಾಡಿನ ಹೆಸರನ್ನೇ ತನಗೆ ಇಟ್ಟುಕೊಂಡಿದೆ. ಆದರೆ ಇದಕ್ಕಿಂತ ದೊಡ್ಡ ಪ್ರಭಾವ ಗಾಡ್‌ಸಿಟಿಯಿಂದ ಬಂತು. ಮುಂದೆ ನೇಲ್ಸ್, ಟ್ರ್ಯಾಪ್ ದೆಮ್, ಕೋಡ್ ಆರೆಂಜ್, ನಾರ್ವೆಯ ಕ್ವೆಲರ್‌ಟಾಕ್‌ನಂಥ ತಂಡಗಳ ಆಲ್ಬಂಗಳನ್ನು ಬಲೂ ಧ್ವನಿಮುದ್ರಿಸಿದ. ಕೊಠಡಿಯಲ್ಲಿ ಮನುಷ್ಯರು ಬೆವರಿ ನುಡಿಸುತ್ತಿದ್ದಾರೆ ಎಂಬಂಥ ಆ ಒರಟು, ತುಂಬಿದ ಸದ್ದು ಹೀಗೆ ಒಂದು ಪೀಳಿಗೆಯ ಸದ್ದಾಯಿತು.

ಇದೇ ಮ್ಯಾಸಚೂಸೆಟ್ಸ್‌ನ ಕಿಲ್‌ಸ್ವಿಚ್ ಎಂಗೇಜ್ 2002ರಲ್ಲಿ ಹಿಡಿದ ದಾರಿ ಬೇರೆ: ಕಿರುಚುವ ಚರಣ, ಹಾಡಬಹುದಾದ ಪಲ್ಲವಿ. ಮಾರುಕಟ್ಟೆಯಲ್ಲಿ ಗೆದ್ದದ್ದು ಆ ದಾರಿ. ಮೆಟಲ್‌ಕೋರ್ ಎಂದೊಡನೆ ಇಂದು ಬಹುತೇಕರಿಗೆ ನೆನಪಾಗುವುದೂ ಅದೇ. ಅವರ ಹಾಡುಗಳು ನನಗೂ ಇಷ್ಟ. ಆದರೆ ಆ ದಾರಿ ಬೇಗ ಸಿದ್ಧಸೂತ್ರವಾಯಿತು, ನೂರಾರು ತಂಡಗಳು ಒಂದೇ ಅಚ್ಚಿನಲ್ಲಿ ಬಂದವು. ‘ಜೇನ್ ಡೋ’ವನ್ನು ಹಾಗೆ ನಕಲು ಮಾಡುವುದು ಕಷ್ಟ, ಏಕೆಂದರೆ ಅದರ ಆಕಾರ ಹುಟ್ಟಿದ್ದು ಆ ಒಂದು ನೋವಿನಿಂದ. ಕನ್ವರ್ಜ್ ಕೂಡ ಅದನ್ನು ಮರುಕಳಿಸಲು ಹೋಗಲಿಲ್ಲ. ಗಿಟಾರ್ ವಾದಕ ಆ್ಯರನ್ ಡಾಲ್ಬೆಕ್ ಈ ಆಲ್ಬಂನ ನಂತರ ತಂಡ ಬಿಟ್ಟ, ಉಳಿದ ನಾಲ್ವರು 2004ರಲ್ಲಿ ‘ಯೂ ಫೇಲ್ ಮಿ’ ಎಂಬ ಬೇರೆಯದೇ ಸ್ವಭಾವದ ಆಲ್ಬಂ ತಂದರು.

ನೀವು ಮತ್ತೆ ಪ್ರಯತ್ನಿಸುವುದಾದರೆ ಮೊದಲು ‘ದಿ ಬ್ರೋಕನ್ ವೌ’ ಕೇಳಿ. ಮೇಡನ್ ಕೇಳಿದ ಕಿವಿಗೆ ಹಿಡಿತ ಸಿಗುವಂಥ ಗಿಟಾರ್ ಅದರಲ್ಲಿದೆ. ಪದಗಳನ್ನು ಹುಡುಕಬೇಡಿ, ಕಾಲರ್‌ನ ಡ್ರಮ್ಸ್ ಹಿಡಿದುಕೊಂಡು ಹೋಗಿ. ಆಮೇಲೆ ಸಾಹಿತ್ಯ ಓದಿಕೊಂಡು, ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡು, ಹೆಡ್‌ಫೋನ್‌ನಲ್ಲಿ ಆದಿಯಿಂದ ಅಂತ್ಯದವರೆಗೆ ಕೇಳಿ. ಆಗಲೂ ಸ್ಟುಡಿಯೋ ಸದ್ದು ಒಗ್ಗದಿದ್ದರೆ, 2016ರಲ್ಲಿ ನೆದರ್‌ಲ್ಯಾಂಡ್ಸ್‌ನ ರೋಡ್‌ಬರ್ನ್ ಉತ್ಸವದಲ್ಲಿ ಅವರು ಇಡೀ ಆಲ್ಬಂ ಅನ್ನು ವೇದಿಕೆಯ ಮೇಲೆ ನುಡಿಸಿದ್ದು ‘ಜೇನ್ ಲೈವ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಕೇಳಿದ ಮೇಲೆ ಹೇಗನಿಸಿತು ಎಂದು ಇಲ್ಲೇ ಕೆಳಗೆ ಬರೆಯಿರಿ, ಇಷ್ಟವಾಗದಿದ್ದರೂ ಸರಿ.