ಗಾಡಿ ಮೇಲಿನ ಕನ್ನಡ ಹೆಸರನ್ನೂ ವಾಲಿಸಬೇಕಾ?

ಪ್ರಶ್ನೆ: ನಮ್ಮ ತಮ್ಮ ಗದಗ-ಹುಬ್ಬಳ್ಳಿ ನಡುವೆ ಓಡಿಸೋಕೆ ಟೆಂಪೊ ಟ್ರಾವೆಲರ್ ತಗೊಂಡಿದ್ದಾನೆ. ಹೆಸರು ದಪ್ಪಗೆ, ಬಲಕ್ಕೆ ವಾಲಿರಬೇಕು, ಗಾಡಿ ಓಡುವ ಹಾಗೆ ಕಾಣಬೇಕು ಅಂತಾನೆ. ಡಿಸೈನ್ ಮಾಡಿಸಿದೆವು. ಇಂಗ್ಲಿಷ್ ಚೆನ್ನಾಗಿ ಬಂತು, ಕನ್ನಡ ಮಾತ್ರ ಮುಗ್ಗರಿಸಿದ ಹಾಗಿದೆ. ಫಾಂಟ್ ಬದಲಿಸಬೇಕಾ?
– ಬೆಟಗೇರಿಯ ಓದುಗರು

ಉತ್ತರ: ಫಾಂಟ್ ಬದಲಿಸಿದರೂ ಅಷ್ಟೇ. ಇಂಗ್ಲಿಷಿನಲ್ಲಿ ವಾಲಿದ ಅಕ್ಷರಕ್ಕೆ ಐನೂರು ವರ್ಷದ ರೂಢಿ ಇದೆ, ವೆನಿಸ್‌ನ ಮುದ್ರಕ ಆಲ್ಡಸ್ ಮನುಷಿಯಸ್ 1501ರಲ್ಲೇ ಇಟಾಲಿಕ್‌ನಲ್ಲಿ ಇಡೀ ಪುಸ್ತಕ ಅಚ್ಚು ಹಾಕಿದ್ದ. ನಿಮ್ಮ ಡಿಸೈನರ್ ಬಳಸಿದಂಥ, ಗೆರೆಯ ತುದಿಗೆ ಕುಚ್ಚಿಲ್ಲದ ಸ್ಯಾನ್ಸ್ ಸೆರಿಫ್‌ಗಳಿಗೆ ಸಾಮಾನ್ಯವಾಗಿ ಬೋಲ್ಡ್ ಇಟಾಲಿಕ್ ಅಂತ ಬೇರೆ ಫೈಲೇ ಇರುತ್ತದೆ, ಯಾರೋ ಕೂತು ತಿದ್ದಿದ್ದು. ಕನ್ನಡದ ನೋಟೋ ಸ್ಯಾನ್ಸ್, ಅನೇಕ್, 'ಬಲೂ ತಮ್ಮ' ಈ ಯಾವ ಫಾಂಟಿನಲ್ಲೂ ಅದಿಲ್ಲ. ಇಟಾಲಿಕ್ ಬಟನ್ ಒತ್ತಿದರೆ ಸಾಫ್ಟ್‌ವೇರ್ ನೆಟ್ಟಗಿದ್ದ ಅಕ್ಷರವನ್ನು ಸುಮ್ನೆ ಪಕ್ಕಕ್ಕೆ ತಳ್ಳುತ್ತದೆ.

ಹಾಗೆ ತಳ್ಳಿದಾಗ ಏನಾಗುತ್ತದೆ ಅಂದರೆ, ಅಕ್ಷರ ಕೂರುವ ಗೆರೆಗಿಂತ ಮೇಲಿರುವುದೆಲ್ಲ ಬಲಕ್ಕೆ ಹೋಗುತ್ತದೆ, ಕೆಳಗಿರುವುದು ಎಡಕ್ಕೆ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಕೆಳಗೆ ಏನೂ ಇಲ್ಲದ್ದರಿಂದ ತೊಂದರೆ ಇಲ್ಲ. ನಮ್ಮಲ್ಲಿ ಒತ್ತಕ್ಷರ ಇದೆಯಲ್ಲ! 'ಹುಬ್ಬಳ್ಳಿ' ಅಂತ ಬರೆದು ವಾಲಿಸಿ ನೋಡಿ, ತಲೆಕಟ್ಟು, ಗುಡಿಸು ಒಂದು ಕಡೆ ಓಡುತ್ತವೆ, ಒತ್ತುಗಳು ಹಿಂದಕ್ಕೆ ಸರಿದು ಮೇಲಿನ ಅಕ್ಷರದ ಬುಡಕ್ಕೆ ಅಂಟಿಕೊಳ್ಳುತ್ತವೆ. ಇನ್ನು ನಮ್ಮ ಅಕ್ಷರ ಬಹುಪಾಲು ದುಂಡಗೆ. ದುಂಡಗಿದ್ದದ್ದನ್ನು ತಳ್ಳಿದರೆ ಮೇಲೆ ಬಲಕ್ಕೆ, ಕೆಳಗೆ ಎಡಕ್ಕೆ ಗೆರೆ ದಪ್ಪವಾಗುತ್ತದೆ, ಉಳಿದೆರಡು ಮೂಲೆ ಸಣಕಲು. ಅಕ್ಷರ ಬೋಲ್ಡ್ ಆದಷ್ಟೂ ಈ ಡೊಂಕು ಎದ್ದು ಕಾಣುತ್ತದೆ.

ನನ್ನ ಮಾತು ಕೇಳಿದರೆ ಕನ್ನಡವನ್ನು ನೆಟ್ಟಗೇ ಬಿಡಿ. ಅನೇಕ್ ಕನ್ನಡದ ಎಕ್ಸ್‌ಟ್ರಾ ಬೋಲ್ಡ್ ತಗೊಳ್ಳಿ, ಅದು ಉಚಿತ, ಅಕ್ಷರದ ಅಗಲವನ್ನೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಹೆಸರಿನ ಕೆಳಗೆ ಒಂದು ಓರೆ ಪಟ್ಟಿ ಎಳೆಸಿ. ಓಟದ ಭಾವ ಅದರಲ್ಲೇ ಬರುತ್ತದೆ. ಇಂಗ್ಲಿಷ್ ಬೇಕಾದರೆ ವಾಲಿರಲಿ, ಆದರೆ ಕನ್ನಡಕ್ಕಿಂತ ಸಣ್ಣದಾಗಿ.

ಇನ್ನೊಂದು ವಿಷಯ, ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ಬಲಕ್ಕೆ ವಾಲಿದ ಅಕ್ಷರ ಡ್ರೈವರ್ ಕಡೆಯ ಮೈಮೇಲೆ ಮಾತ್ರ ಮುಂದಕ್ಕೆ ಓಡುವ ಹಾಗೆ ಕಾಣುತ್ತದೆ. ಪ್ಯಾಸೆಂಜರ್ ಹತ್ತುವ ಬಾಗಿಲ ಕಡೆ ಗಾಡಿಯ ಮೂತಿ ನೋಡುವವನ ಎಡಕ್ಕಿರುತ್ತದೆ, ಅಕ್ಷರ ಹಿಂದಕ್ಕೆ ವಾಲುತ್ತದೆ, ರಿವರ್ಸ್ ಹೊಡೆದ ಹಾಗೆ. ಜನ ಹೆಸರು ಓದುವುದು ಜಾಸ್ತಿ ಆ ಕಡೆಯೇ ಅಲ್ವಾ?

ಇಷ್ಟಾದರೂ ತಮ್ಮ ಹಟ ಬಿಡದಿದ್ದರೆ ವಾಲಿಕೆ 8 ಡಿಗ್ರಿ ದಾಟದಿರಲಿ. ಕೋರಲ್‌ಡ್ರಾದಲ್ಲಿ ಅಕ್ಷರವನ್ನು ಕರ್ವ್ ಮಾಡಿಸಿ, ಅಂದರೆ ತಿದ್ದಬಹುದಾದ ಗೆರೆಯಾಗಿ ಬದಲಿಸಿ, ಒಂದೊಂದು ಒತ್ತನ್ನೂ ಕೈಯಿಂದ ಬಲಕ್ಕೆ ಸರಿಸಲು ಹೇಳಿ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಆ ಕೆಲಸ ಬಲ್ಲವರು ಸಿಗುತ್ತಾರೆ. ಸ್ಟಿಕರ್ ಕತ್ತರಿಸುವ ಮೊದಲು ಒಂದು ಪ್ರಿಂಟ್ ತೆಗೆಸಿ, ಗಾಡಿಗೆ ಅಂಟಿಸಿ, ರಸ್ತೆಯ ಆಚೆ ಬದಿಯಿಂದ ಓದಿ ನೋಡಿ.