ಬರ್ಮಾದ ದಿವಂಗತ ನಟ-ಗಾಯಕ ವಿನ್ ಊ ಅವರ ಹಾಡು, ಸಿನಿಮಾಗಳನ್ನು ದೂರದಿಂದ ಹುಡುಕುವುದು ಹೇಗೆ?

ವಿನ್ ಊ (1935–1988) ನಟ, ಗಾಯಕ, ನಿರ್ದೇಶಕ, ಲೇಖಕ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಅದೇ ಹೆಸರಿನ ಬೇರೆ ಎಷ್ಟೋ ಜನ ಸಿಗುತ್ತಾರೆ. ಬರ್ಮಾದಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಬರ್ಮೀಸ್ ಲಿಪಿಯಲ್ಲೇ ಹುಡುಕಿ.

ಅಲ್ಲೂ ಒಂದು ತೊಡಕಿದೆ. 2019ರ ಅಕ್ಟೋಬರ್ 1ರಂದು ಮ್ಯಾನ್ಮಾರ್ (ಬರ್ಮಾದ ಈಗಿನ ಹೆಸರು) ಅಧಿಕೃತವಾಗಿ ಯೂನಿಕೋಡ್‌ಗೆ, ಅಂದರೆ ಎಲ್ಲ ಲಿಪಿಗಳಿಗೂ ಅಕ್ಷರ ಸಂಕೇತ ಕೊಡುವ ಜಾಗತಿಕ ಪದ್ಧತಿಗೆ, ಬದಲಾಯಿತು. ಅದಕ್ಕೂ ಮುಂಚೆ ಇಂಟರ್ನೆಟ್‌ಗೆ ಹಾಕಿದ ಬಹುಪಾಲು ಬರ್ಮೀಸ್ ಬರಹ ಜಾಗ್ಯಿ ಎಂಬ ಫಾಂಟ್‌ನದು. 'ವಿನ್' ಎಂಬಲ್ಲಿನ ಅರ್ಧಾಕ್ಷರದ ಗುರುತಿಗೆ ಯೂನಿಕೋಡ್‌ನಲ್ಲಿ 103ಎ ಸಂಕೇತ, ಜಾಗ್ಯಿಯಲ್ಲಿ 1039. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹೆಸರನ್ನು ಕನ್ವರ್ಟರ್‌ನಲ್ಲಿ ಜಾಗ್ಯಿಗೆ ಬದಲಿಸಿ ಇನ್ನೊಮ್ಮೆ ಹುಡುಕಿ. ಅಭಿಮಾನಿಗಳು ಹಿಂದೆ ಹಾಕಿಟ್ಟ ಹಾಡುಗಳು ಸಿಗುವ ಸಾಧ್ಯತೆ ಇರುವುದು ಹೀಗೆಯೇ.

ಸಿನಿಮಾಗಳ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಸೆಕೆ, ತೇವಕ್ಕೆ ಅಸಿಟೇಟ್ ಫಿಲ್ಮ್ ವಿನೆಗರ್ ವಾಸನೆ ಹೊಡೆದು, ಸುರುಟಿ ಹಾಳಾಗುತ್ತದೆ. ಆ ಕಾಲದ ಬರ್ಮೀಸ್ ಚಿತ್ರಗಳು ಹೀಗೆ ಬಹಳಷ್ಟು ಹೋಗಿವೆ.

ಹಾಡು ಕ್ಯಾಸೆಟ್‌ನಿಂದ ಇಳಿಸಿದ್ದಾದರೆ ದನಿ ತೆಳುವಾಗಿ ಕೇಳಬಹುದು, ಟೇಪ್ ವೇಗವಾಗಿ ಓಡಿರುತ್ತದೆ. ಅರ್ಧ ಸ್ವರ ಏರಿದ್ದರೆ ವೇಗವನ್ನು ಸುಮಾರು ಶೇ 5.6 ಇಳಿಸಿ. ವಿಡಿಯೊ ಪ್ಲೇಯರ್‌ನ ವೇಗದ ಬಟನ್ ಸಾಮಾನ್ಯವಾಗಿ ಶ್ರುತಿಯನ್ನು ಹಾಗೇ ಉಳಿಸುತ್ತದೆ, ಅದರಿಂದ ಪ್ರಯೋಜನವಿಲ್ಲ. ಆಡಾಸಿಟಿಯಂಥ ತಂತ್ರಾಂಶದಲ್ಲಿ ವೇಗ, ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸಬೇಕು. ಆಗ ಅವರ ದನಿ ಅವರದಾಗಿ ಕೇಳುತ್ತದೆ, ಇಷ್ಟು ಶ್ರಮಕ್ಕೆ ಅದು ಖಂಡಿತ ಯೋಗ್ಯ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.