ನಲ್ಲಿಗೆ ಸಿಕ್ಕಿಸುವ ಸೈಫನ್ ಮನೆಯಲ್ಲೇ ಮಾಡಬಹುದಾ?

ಪೈಪಿಗೆ ಬಾಯಿ ಹಾಕಿ ಎಳೆಯದೆ, ನಲ್ಲಿ ನೀರಿನ ರಭಸದಿಂದಲೇ ಶುರುವಾಗುವ ಸೈಫನ್ (ತೊಟ್ಟಿಯ ನೀರನ್ನು ಅಂಚು ದಾಟಿಸಿ ಕೆಳಗೆ ಹರಿಸುವ ಪೈಪ್) ಮಾಡಿ ಅಕ್ವೇರಿಯಂ ನೀರು ಬದಲಿಸಬಹುದಾ, ಅದರಲ್ಲಿ ನೀರು ಜಾಸ್ತಿ ಪೋಲಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಪೋಲಾಗುವುದು ಮಾತ್ರ ನೀವು ನಲ್ಲಿಯನ್ನು ಎಷ್ಟು ಬೇಗ ನಿಲ್ಲಿಸುತ್ತೀರಿ ಅನ್ನುವುದರ ಮೇಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನೂ ಅಕ್ವೇರಿಯಂ ನೀರನ್ನು ಒಂದೆರಡು ಸಲ ಕುಡಿದವನೇ. ಆ ರುಚಿ ಬೇಗ ಮರೆಯುವುದಿಲ್ಲ. ಅದಕ್ಕೇ ಇದನ್ನು ಮಾಡಲು ಕೂತಿದ್ದು. ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಒಂದು ಟೀ ಜಾಯಿಂಟ್ ತಂದೆ. ಒಂದು ಬಾಯಿ ನಲ್ಲಿಗೆ, ಎದುರಿನ ಬಾಯಿ ಬಚ್ಚಲಿಗೆ, ಪಕ್ಕದ ಬಾಯಿ ಅಕ್ವೇರಿಯಂ ಪೈಪಿಗೆ. ನೀರು ರಭಸವಾಗಿ ಹೋಗುವಾಗ ಪಕ್ಕದ ನೀರನ್ನೂ ಎಳೆದುಕೊಂಡು ಹೋಗುತ್ತೆ ಅಂದುಕೊಂಡಿದ್ದೆ. ನಲ್ಲಿ ತಿರುಗಿಸಿದೆ. ನೀರು ಎರಡೂ ಕಡೆ ಹರಿಯಿತು, ಅರ್ಧ ಬಚ್ಚಲಿಗೆ, ಅರ್ಧ ಸೀದಾ ಮೀನಿನ ತೊಟ್ಟಿಗೆ! ನಾನು ಓಡಿ ಹೋಗಿ ನಿಲ್ಲಿಸುವಷ್ಟರಲ್ಲಿ ತೊಟ್ಟಿ ಅಂಚಿನವರೆಗೆ ತುಂಬಿ ಸ್ಟ್ಯಾಂಡಿನ ಮೇಲೆ ಸುರಿಯುತ್ತಿತ್ತು.

ಬರೀ ಟೀ ಎಳೆಯುವುದಿಲ್ಲ. ಒಳಗೆ ನೀರು ಸಣ್ಣ ತೂತಿನಿಂದ ಚಿಮ್ಮಬೇಕು. ದಾರಿ ಕಿರಿದಾದಲ್ಲಿ ನೀರಿನ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಆ ಚಿಮ್ಮುವ ಧಾರೆ ಸುತ್ತಲಿನ ನೀರನ್ನು, ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿ 1797ರಲ್ಲೇ ಇದರ ಬಗ್ಗೆ ಪ್ರಯೋಗ ಮಾಡಿ ಬರೆದಿದ್ದಾನೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಲ್ಲಿಗೆ ಸಿಕ್ಕಿಸುವ ಪುಟ್ಟ ಫಿಲ್ಟರ್ ಪಂಪ್ ನೋಡಿದ್ದೀರಾ? ಅದೂ ಇದೇ.

ಹಾಗಾಗಿ ಎರಡನೇ ಸಲ ಅದೇ ಅರ್ಧ ಇಂಚಿನ ಪಿವಿಸಿ ಟೀ ಒಳಗೆ ಒಂದು ಹಳೇ ಬಾಲ್‌ಪೆನ್ನು ಕೂರಿಸಿದೆ. ರಿಫಿಲ್ ತೆಗೆದು, ಚೂಪು ಮೂತಿಯನ್ನು ಬ್ಲೇಡಿನಿಂದ ಸ್ವಲ್ಪ ಸ್ವಲ್ಪವೇ ಕೊಯ್ದು ತೂತನ್ನು 4 ಮಿ.ಮೀ.ಗೆ ತಂದೆ. ನಲ್ಲಿ ಕಡೆಯ ಬಾಯಿಂದ ಒಳಗೆ ತೂರಿಸಿ ಸುತ್ತ ಎಪಾಕ್ಸಿ ಅಂಟು ಮೆತ್ತಿದೆ. ಮೂತಿ ಪಕ್ಕದ ಬಾಯಿಯನ್ನು ದಾಟಿ ಒಂದಿಷ್ಟು ಮುಂದೆ ಬಂದಿರಬೇಕು, ಇದು ತುಂಬಾ ಮುಖ್ಯ. ಹಿಂದೆಯೇ ನಿಂತರೆ ನೀರು ಮತ್ತೆ ಪಕ್ಕಕ್ಕೆ ನುಗ್ಗಬಹುದು. ಎದುರಿನ ಬಾಯಿಗೆ ಸ್ಕೆಚ್ ಪೆನ್ನಿನ ಕೊಳವೆ, ಒಳಗಿನ ಅಗಲ 8 ಮಿ.ಮೀ., ಉದ್ದ ಸುಮಾರು 6 ಸೆಂ.ಮೀ. ಅದಕ್ಕೂ ಸುತ್ತ ಎಪಾಕ್ಸಿ. ಪೆನ್ನಿನ ಮೂತಿಗೂ ಈ ಕೊಳವೆಗೂ ನಡುವೆ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟೆ. ಎಪಾಕ್ಸಿ ಹಸಿ ಇರುವಾಗಲೇ ಬೆಳಕಿಗೆ ಹಿಡಿದು ಒಂದು ಕಡೆಯಿಂದ ಇಣುಕಿ ನೋಡಿ. ದೊಡ್ಡ ತೂತಿನ ಸರಿ ಮಧ್ಯೆ ಸಣ್ಣ ತೂತು ಬೆಳ್ಳಗೆ ಕಾಣಬೇಕು. ಓರೆಯಾಗಿದ್ದರೆ ಆಗಲೇ ಸರಿಮಾಡಿ. ಆಮೇಲೆ ಒಂದು ದಿನ ಅದನ್ನು ಮುಟ್ಟಬೇಡಿ.

ಒಣಗಿದ ಮೇಲೆ ಅಕ್ವೇರಿಯಂ ಪೈಪ್ ಸಿಕ್ಕಿಸುವ ಮೊದಲು ಬರೀ ನಲ್ಲಿಗೆ ಹಾಕಿ ನೋಡಿ. ನೀರು ಬಿಟ್ಟು ಪಕ್ಕದ ಬಾಯಿಗೆ ಬೆರಳು ಇಡಿ. ತುದಿಯನ್ನು ಯಾರೋ ಮೆಲ್ಲಗೆ ಚೀಪಿದ ಹಾಗೆ ಆಗಬೇಕು. ಬೆರಳು ಒದ್ದೆಯಾದರೆ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ. ಚಾವಣಿ ಮೇಲಿನ ಟ್ಯಾಂಕಿನಿಂದ ಬರುವ ನೀರಾದರೆ ಮೇಲಿನ ಮಹಡಿಯಲ್ಲಿ ರಭಸ ಸಾಲದೆ ಹೋಗಬಹುದು. ಪ್ರತಿ 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 1 ಬಾರ್ ಒತ್ತಡ ಅಷ್ಟೇ. ಅಂಥ ಕಡೆ ಕೆಳಗಿನ ಮಹಡಿಯ ನಲ್ಲಿ ವಾಸಿ.

ತೊಟ್ಟಿ ಕಡೆಗೆ 12 ಮಿ.ಮೀ. ಪಾರದರ್ಶಕ ಪೈಪ್ ಹಾಕಿ. ಒಳಗೆ ಏನು ಹೋಗುತ್ತಿದೆ ಅಂತ ಕಾಣಬೇಕಲ್ವಾ? ತುದಿಗೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ. ಮುಚ್ಚಳಕ್ಕೆ ತೂತು ಹಾಕಿ ಪೈಪ್ ತೂರಿಸಿ ಅಂಟಿಸಿದರೆ ಆಯಿತು. ನಾನು ಮೊದಲು ಒಂದು ಲೀಟರ್ ಬಾಟಲಿ ಹಾಕಿದ್ದೆ, ಕೊಳೆ ಒಳಗೇ ಸುತ್ತಿ ಸುತ್ತಿ ಮತ್ತೆ ತೊಟ್ಟಿ ತಳದ ಪುಟ್ಟ ಕಲ್ಲುಗಳ ಮೇಲೇ ಕೂರುತ್ತಿತ್ತು. ಈಗಿನ ಬಾಟಲಿ 5 ಸೆಂ.ಮೀ.ಗಿಂತ ಸ್ವಲ್ಪ ಕಿರಿದು, ಅಂದರೆ ಪೈಪಿನ ನಾಲ್ಕು ಪಟ್ಟು ಅಗಲ. ಹಾಗಾಗಿ ಅದರೊಳಗೆ ನೀರಿನ ವೇಗ ಪೈಪಿನಲ್ಲಿರುವುದರ 16ರಲ್ಲಿ ಒಂದು ಪಾಲು. ಬಾಟಲಿಯನ್ನು ಕಲ್ಲಿನೊಳಗೆ ಚುಚ್ಚಿದರೆ ಕಲ್ಲು ಒಂದಿಷ್ಟು ಎದ್ದು, ತಿರುಗಿ, ಮತ್ತೆ ಬೀಳುತ್ತವೆ. ಹಿಕ್ಕೆ, ಕೊಳೆತ ಎಲೆ, ಉಳಿದ ಆಹಾರ ಕಂದು ಹೊಗೆಯ ಹಾಗೆ ಮೇಲೇರಿ ಪೈಪಿಗೆ ಹೋಗುತ್ತವೆ. ಸುಮ್ನೆ ನೋಡುತ್ತಾ ಕೂರಬಹುದು, ಅಷ್ಟು ಚೆನ್ನಾಗಿರುತ್ತೆ. ಮರಿ ಮೀನು ಇದ್ದರೆ ಬಾಟಲಿಯ ಬಾಯಿಗೆ ಬಲೆ ಕಟ್ಟುವುದನ್ನು ಮರೆಯಬೇಡಿ.

ಈಗ ಪೋಲಿನ ವಿಷಯ. ನಾನು ಎರಡು ಬಕೆಟ್ ಇಟ್ಟು ಅಳೆದೆ. ತೊಟ್ಟಿಯಿಂದ ಒಂದು ಲೀಟರ್ ಬರಲು ನಲ್ಲಿಯ ಎರಡು ಲೀಟರ್ ಹತ್ತಿರ ಹೋಯಿತು. 25 ಲೀಟರ್ ತೆಗೆಯಲು 50 ಲೀಟರ್ ಒಳ್ಳೇ ನೀರು ಬಚ್ಚಲಿಗೆ! ಆದರೆ ಅಷ್ಟು ಹೊತ್ತು ನಲ್ಲಿ ಓಡಿಸುವ ಅಗತ್ಯವೇ ಇಲ್ಲ. ಟೀ ಹೊರಬಾಯಿಗೆ ಇನ್ನೊಂದು ಪೈಪ್ ಸಿಕ್ಕಿಸಿ ನೆಲದ ಬಚ್ಚಲಿನವರೆಗೆ ಇಳಿಬಿಡಿ. ಅದರ ತುದಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ನಲ್ಲಿ ಬಿಟ್ಟ ಮೇಲೆ ಪೈಪಿನ ಗುಳ್ಳೆಗಳೆಲ್ಲ ಹೋಗಿ ನೀರು ತುಂಬಿದ್ದು ಕಾಣುತ್ತದೆ. ತಕ್ಷಣ ನಲ್ಲಿ ನಿಲ್ಲಿಸಿ. ಇನ್ನು ಮುಂದಿನದು ಇಳಿಜಾರಿನ ಕೆಲಸ. ಹರಿವು ಸ್ವಲ್ಪ ನಿಧಾನವಾಗುತ್ತದೆ, ಆದರೆ ಖರ್ಚು ಸೊನ್ನೆ. ನಿಲ್ಲಿಸಿದ ಕೂಡಲೇ ಸೈಫನ್ ಕಡಿದು ಹೋದರೆ ಎಲ್ಲೋ ಗಾಳಿ ಸೇರುತ್ತಿದೆ, ಜಾಯಿಂಟುಗಳಿಗೆ ಟೆಫ್ಲಾನ್ ಟೇಪ್ ಸುತ್ತಿ. ನೀರು ಹೊರಹೋಗುವ ಜಾಗ ತೊಟ್ಟಿಗಿಂತ ಎತ್ತರದಲ್ಲಿದ್ದರೆ ಮಾತ್ರ ನಲ್ಲಿ ಓಡುತ್ತಲೇ ಇರಬೇಕು. ಹಾಗಿದ್ದರೆ ಇದನ್ನು ಬಿಟ್ಟು ನೀರಲ್ಲಿ ಮುಳುಗಿಸುವ ಪುಟ್ಟ ಮೋಟಾರ್ ತಗೊಳ್ಳಿ ಅನ್ನುತ್ತೇನೆ.

ಹೊರಬಾಯಿ ಮುಚ್ಚಿದರೆ ಇದೇ ಪೈಪಿನಲ್ಲಿ ತೊಟ್ಟಿ ತುಂಬಲೂಬಹುದು. ತುಂಬಾ ಜನ ಹಾಗೇ ಮಾಡುತ್ತಾರೆ. ನಾನು ಮಾಡುವುದಿಲ್ಲ. ಕ್ಲೋರಿನ್ ಇರುವ ನೀರು ಸೀದಾ ಮೀನಿನ ಕಿವಿರಿಗೆ ಹೋಗುತ್ತದೆ, ತಂಪು ಬಿಸಿ ಹೊಂದಿಸಲೂ ಆಗುವುದಿಲ್ಲ. ಇನ್ನೊಂದು, ಪೈಪ್ ತೊಟ್ಟಿಯಲ್ಲಿ ಮುಳುಗಿ ನಲ್ಲಿ ತೆರೆದಿರುವಾಗ ಸರಬರಾಜಿನ ಒತ್ತಡ ಬಿದ್ದರೆ, ತೊಟ್ಟಿ ನೀರು ವಾಪಸ್ ಮನೆಯ ಕುಡಿಯುವ ಪೈಪಿಗೇ ಸೇರಬಹುದು. ನಲ್ಲಿಗೂ ಟೀಗೂ ನಡುವೆ ನಾನ್-ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿ, ಕೆಲಸ ಮುಗಿದ ಕೂಡಲೇ ಎಲ್ಲ ಬಿಚ್ಚಿಡಿ. ಹೊಸ ನೀರನ್ನು ಬಕೆಟಿನಲ್ಲಿ ಹಿಡಿದು ಡಿಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ಔಷಧ) ಹಾಕಿಯೇ ಸುರಿಯಿರಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋದೀತು, ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿ ಆದದ್ದು) ಹೋಗುವುದಿಲ್ಲ.

ಅಂದಹಾಗೆ, ನೀರು ಇಳಿಸುವ ಮೊದಲು ಹೀಟರ್ ಆಫ್ ಮಾಡಿ. ಅದರ ಬಿಸಿ ಗಾಜು ನೀರಿನಿಂದ ಹೊರಗೆ ಬಂದರೆ ಬಿರುಕು ಬಿಡಬಹುದು. ಮುಂದೆ ಯಾವಾಗಲಾದರೂ ಎಳೆತ ಕಮ್ಮಿ ಅನ್ನಿಸಿದರೆ ಟೀ ಒಡೆಯಲು ಹೋಗಬೇಡಿ. ಗಡಸು ನೀರಿನ ಬಿಳಿ ಪದರ ಪೆನ್ನಿನ ಮೂತಿಯಲ್ಲಿ ಕಟ್ಟಿರುತ್ತದೆ. ಒಂದು ಸೂಜಿಯಿಂದ ಕೆರೆದರೆ ಬಿಟ್ಟುಕೊಳ್ಳುತ್ತದೆ.